ವ್ಯಸನಿಯನ್ನು ಶಪಿಸದಿರೋಣ, ಆಸ್ಪತ್ರೆಗೆ ಕರೆದೊಯ್ಯೋಣ

(ತೆಕ್ಕಟ್ಟೆಯಲ್ಲಿ ನೀಡಿದ ಜುಮಾ ಖುತ್ಬಾದ ಸಾರಾಂಶ)



ಪ್ರವಾದಿ(ಸ)ರ ಕಾಲದ ಮದೀನಾದಲ್ಲಿ ಅಬ್ದುಲ್ಲಾ ಎಂಬ ಒಬ್ಬರಿದ್ದರು. ಜನ ಅವರನ್ನು ಒಂದು ಅಡ್ಡಹೆಸರಿನಿಂದ ಕರೆಯುತ್ತಿದ್ದರು. ತಮಾಷೆಯ ಮನುಷ್ಯ, ಪ್ರವಾದಿ(ಸ)ರನ್ನೂ ನಗಿಸುತ್ತಿದ್ದರು. ಆದರೆ ಅವರಿಗೆ ಕುಡಿತದ ಚಟವಿತ್ತು. ಕುಡಿದ ತಪ್ಪಿಗೆ ಅವರನ್ನು ಹಿಡಿದು ತರಲಾಗುತ್ತಿತ್ತು, ಶಿಕ್ಷೆಯೂ ಆಗುತ್ತಿತ್ತು. ಹೀಗೆ ಮತ್ತೊಮ್ಮೆ ತಂದಾಗ ಅಲ್ಲಿದ್ದ ಒಬ್ಬರು, ಇವನನ್ನು ಎಷ್ಟು ಸಲ ತರುವುದು ಎಂದು ಬೇಸತ್ತು ಶಪಿಸಿದರು. ಪ್ರವಾದಿ(ಸ) ತಡೆದರು. ಆತನನ್ನು ಶಪಿಸಬೇಡಿ, ಆತ ಅಲ್ಲಾಹನನ್ನೂ ಅವನ ರಸೂಲರನ್ನೂ ಪ್ರೀತಿಸುವವನು ಎಂಬ ಅರ್ಥದ ಮಾತನ್ನು ಹೇಳಿದರು. ಇದನ್ನು ಉಮರ್(ರ) ವರದಿ ಮಾಡಿದ್ದಾರೆ, ಇಮಾಮ್ ಬುಖಾರಿ ದಾಖಲಿಸಿದ್ದಾರೆ. ಅಬೂಹುರೈರಾ(ರ)ರ ಇನ್ನೊಂದು ವರದಿಯಲ್ಲಿ, ಇಂಥವನನ್ನು ಶಪಿಸುವುದೆಂದರೆ ಸಹೋದರನ ವಿರುದ್ಧ ಶೈತಾನನಿಗೆ ಸಹಾಯ ಮಾಡಿದಂತೆ ಎಂಬ ಎಚ್ಚರಿಕೆಯಿದೆ.

ಮದ್ಯ ಹರಾಮ್. ಅದರಲ್ಲಿ ಎರಡು ಮಾತಿಲ್ಲ. ಗಾಂಜಾ, ಎಂಡಿಎಂಎ, ಬುದ್ಧಿಯನ್ನು ಮಂಕು ಮಾಡುವ ಯಾವುದೇ ಮಾತ್ರೆಯೂ ಹಾಗೆಯೇ. ಆದರೆ ಹರಾಮ್ ಎಂದು ಹೇಳಿ ಮುಗಿಸಿದರೆ ನಮ್ಮ ಹೊಣೆ ಮುಗಿಯುತ್ತದೆಯೇ? ನಮ್ಮ ಊರುಗಳಲ್ಲಿ ಏನಾಗುತ್ತಿದೆ ನೋಡಿ. ಮಗ ಗಾಂಜಾ ಸೇದುತ್ತಾನೆಂದು ಗೊತ್ತಾದ ದಿನದಿಂದ ಮನೆಯವರು ಮೊದಲು ಮಾಡುವ ಕೆಲಸ ಮುಚ್ಚಿಡುವುದು. ಜಮಾಅತಿಗೆ ಗೊತ್ತಾದರೆ ತಂಗಿಯ ಮದುವೆಗೆ ತೊಂದರೆಯಾದೀತೆಂಬ ಭಯ. ಎರಡನೆಯದು, ಗಲ್ಫಿಗೆ ಕಳಿಸಿಬಿಡುವುದು. ಮೂರನೆಯದು, ಮದುವೆ ಮಾಡಿದರೆ ಸರಿಹೋಗುತ್ತಾನೆ ಎಂದು ಯಾರದೋ ಮನೆಯ ಹೆಣ್ಣುಮಗಳನ್ನು ತಂದು ಆ ಬೆಂಕಿಯಲ್ಲಿ ಕೂರಿಸುವುದು. ಈ ಮೂರನೆಯದನ್ನು ನಾವು ಅನ್ಯಾಯವೆಂದೇ ಕರೆಯುತ್ತೇವೆ. ಕಾಯಿಲೆಯನ್ನು ಬಚ್ಚಿಟ್ಟು ಮಾಡುವ ನಿಕಾಹ್ ಎರಡು ಮನೆಗಳನ್ನು ಒಡೆಯುತ್ತದೆ.

ರಮಝಾನ್ ಬರುವಾಗ ಇನ್ನೊಂದು ಸಂಗತಿ ನಡೆಯುತ್ತದೆ. ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಅದರಲ್ಲಿ ಜೀವದ ಪ್ರಶ್ನೆಯಿದೆ. ವರ್ಷಗಟ್ಟಲೆ ದಿನವೂ ಕುಡಿಯುತ್ತಿದ್ದವನು ತೌಬಾ ಮಾಡಿ, ಚಂದ್ರದರ್ಶನದ ರಾತ್ರಿಯಿಂದಲೇ ಒಮ್ಮೆಲೇ ನಿಲ್ಲಿಸುತ್ತಾನೆ. ಅಥವಾ ಅಣ್ಣತಮ್ಮಂದಿರು ಕೋಣೆಯಲ್ಲಿ ಕೂಡಿಹಾಕುತ್ತಾರೆ. ಉದ್ದೇಶ ಒಳ್ಳೆಯದೇ. ಆದರೆ ಅಷ್ಟು ಕಾಲ ಮದ್ಯಕ್ಕೆ ಒಗ್ಗಿದ ಮೆದುಳು ಸುಮ್ಮನಿರುವುದಿಲ್ಲ. ಕೆಲವೇ ಗಂಟೆಗಳಲ್ಲಿ ಕೈ ನಡುಗುತ್ತದೆ, ಬೆವರುತ್ತದೆ, ನಿದ್ದೆ ಹಾರಿಹೋಗುತ್ತದೆ. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡನೇ, ಮೂರನೇ ದಿನದ ಹೊತ್ತಿಗೆ ಕೆಲವರಿಗೆ ಇಲ್ಲದ್ದು ಕಾಣಿಸುತ್ತದೆ, ಇಲ್ಲದ ದನಿ ಕೇಳಿಸುತ್ತದೆ, ತಾನೆಲ್ಲಿದ್ದೇನೆಂಬುದೇ ತಿಳಿಯುವುದಿಲ್ಲ. ಆಗ ಮನೆಯವರು ಜಿನ್ನ್ ಹಿಡಿಯಿತೆಂದು ಓಡಾಡುತ್ತಾರೆ. ಅದು ಆಸ್ಪತ್ರೆಗೆ ಒಯ್ಯಬೇಕಾದ ತುರ್ತು ಸ್ಥಿತಿ. ಚಿಕಿತ್ಸೆ ಸಿಗದಿದ್ದರೆ ಸಾವೂ ಸಂಭವಿಸಬಹುದು. ವೈದ್ಯರ ಬಳಿ ಹೋದರೆ ಕೆಲವು ದಿನ ಔಷಧ ಕೊಟ್ಟು, ಜೊತೆಗೆ ಥಯಾಮಿನ್ ಎಂಬ ವಿಟಮಿನ್ ಕೊಟ್ಟು, ಈ ಹಂತವನ್ನು ಸುರಕ್ಷಿತವಾಗಿ ದಾಟಿಸುತ್ತಾರೆ. ಆದ್ದರಿಂದ ರಮಝಾನಿಗೆ ಬಿಡಬೇಕೆಂದಿರುವವರು ಶಅಬಾನ್‌ನಲ್ಲೇ ವೈದ್ಯರನ್ನು ಕಾಣಲಿ.

ಮಾನಸಿಕ ಕಾಯಿಲೆಗೆ ಮಾತ್ರೆ ತಿನ್ನುವವರದೂ ಇದೇ ತಿಂಗಳ ತೊಂದರೆ. ಉಪವಾಸವೆಂದು ಮಾತ್ರೆ ನಿಲ್ಲಿಸಿ, ಈದ್ ಹೊತ್ತಿಗೆ ಮತ್ತೆ ಆಸ್ಪತ್ರೆ ಸೇರುವವರಿದ್ದಾರೆ. ಇಫ್ತಾರ್ ಮತ್ತು ಸಹರಿಗೆ ಹೊಂದುವಂತೆ ವೈದ್ಯರು ಅನೇಕ ಔಷಧಗಳ ಸಮಯ ಬದಲಿಸಿಕೊಡಬಲ್ಲರು. ಲಿಥಿಯಂನಂಥ ಮಾತ್ರೆ ತಿನ್ನುವವರಿಗೆ ಮೈಯ ನೀರಿನಂಶ ಕಡಿಮೆಯಾದರೆ ಅಪಾಯವಿದೆ, ಅವರಂತೂ ಕೇಳದೆ ಉಪವಾಸ ಹಿಡಿಯಬಾರದು. ರೋಗಿಗೆ ಉಪವಾಸವನ್ನು ಮುಂದೂಡುವ ರಿಯಾಯಿತಿಯನ್ನು ಸೂರಃ ಅಲ್ ಬಕರದಲ್ಲಿ ಅಲ್ಲಾಹನೇ ಕೊಟ್ಟಿದ್ದಾನೆ. ಮನಸ್ಸಿನ ರೋಗಿ ರೋಗಿಯಲ್ಲವೆಂದು ಹೇಳಲು ನಾವು ಯಾರು?

ಇನ್ನು, ಖಿನ್ನತೆ ಬಂದವರಿಗೆ ಈಮಾನ್ ಕಡಿಮೆಯೆಂದು ಹೇಳುವ ಚಾಳಿ. ಮಗ ಯೂಸುಫ್(ಅ)ರ ಅಗಲಿಕೆಯ ದುಃಖದಲ್ಲಿ ಯಾಕೂಬ್(ಅ)ರ ಕಣ್ಣೇ ಹೋಯಿತೆಂದು ಕುರ್‌ಆನ್ ಹೇಳುತ್ತದೆ. ಅವರ ಈಮಾನಿಗೆ ಏನು ಕಡಿಮೆಯಿತ್ತು? ಹೆರಿಗೆಯಾದ ತಾಯಿ ಕಾರಣವಿಲ್ಲದೆ ಅಳುತ್ತಾಳೆ, ಮಗುವನ್ನು ಎತ್ತಿಕೊಳ್ಳುವುದಿಲ್ಲ ಎಂದರೆ ಅತ್ತೆಯಂದಿರು ಸೊಕ್ಕು ಎನ್ನುತ್ತಾರೆ. ಅದಕ್ಕೂ ಚಿಕಿತ್ಸೆಯಿದೆ.

ದುಆ ಬಿಡಿ ಎಂದು ನಾವು ಹೇಳುತ್ತಿಲ್ಲ. ಕುರ್‌ಆನ್ ಓದಿ, ದುಆ ಮಾಡಿ, ಔಷಧವನ್ನೂ ಕೊಡಿ. ಔಷಧವಿಲ್ಲದ ರೋಗವನ್ನು ಅಲ್ಲಾಹನು ಇಳಿಸಿಲ್ಲವೆಂದು ಕಲಿಸಿದವರು ಪ್ರವಾದಿ(ಸ). ಆ ಪಾಠದಿಂದಲೇ ನಮ್ಮ ಪೂರ್ವಿಕರು ಬಿಮಾರಿಸ್ತಾನ್‌ಗಳನ್ನು ಕಟ್ಟಿದರು. 1284ರಲ್ಲಿ ಕೈರೋದಲ್ಲಿ ಸುಲ್ತಾನ್ ಕಲಾವೂನ್ ಕಟ್ಟಿಸಿದ ಆಸ್ಪತ್ರೆಯಲ್ಲಿ ಮಾನಸಿಕ ರೋಗಿಗಳಿಗೂ ಜಾಗವಿತ್ತು. ಅದಕ್ಕೂ ಮುಂಚೆ, 934ರಲ್ಲಿ ತೀರಿಕೊಂಡ ಅಬೂ ಝೈದ್ ಅಲ್ ಬಲ್ಖಿ ದೇಹ ಮತ್ತು ಮನಸ್ಸು ಎರಡರ ಆರೋಗ್ಯದ ಬಗ್ಗೆಯೂ ಒಂದೇ ಗ್ರಂಥದಲ್ಲಿ ಬರೆದರು. ದುಃಖ, ಭಯ, ಕೋಪ, ವಸ್‌ವಾಸ್ ಇವುಗಳನ್ನು ಬೇರೆಬೇರೆಯಾಗಿ ಗುರುತಿಸಿದರು.

ಅಂಥ ಪರಂಪರೆಯಿದ್ದೂ ನಮ್ಮ ಕಾಲದಲ್ಲಿ ಏನಾಯಿತು? ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾಕ್ಕೆ ವಾಸಿಯಾಗಲೆಂದು ತಂದ ರೋಗಿಗಳನ್ನು ಇಟ್ಟುಕೊಳ್ಳುತ್ತಿದ್ದ ಒಂದು ಖಾಸಗಿ ಮನೆಗೆ 2001ರ ಆಗಸ್ಟ್ 6ರ ಬೆಳಗಿನ ಜಾವ ಬೆಂಕಿ ಬಿತ್ತು. 28 ಮಂದಿ ಸತ್ತರು. ಓಡಿಹೋಗಲು ಆಗಲಿಲ್ಲ, ಸರಪಳಿಯಲ್ಲಿ ಕಟ್ಟಿದ್ದರು. ಇಂದು 2017ರ ಮಾನಸಿಕ ಆರೋಗ್ಯ ಕಾಯ್ದೆ ಸರಪಳಿ ಹಾಕುವುದನ್ನು ನಿಷೇಧಿಸಿದೆ. ಯಾರಾದರೂ ಹೊಡೆದು, ಕಟ್ಟಿಹಾಕಿ ಚಟ ಬಿಡಿಸುತ್ತೇವೆಂದರೆ ಎಷ್ಟೇ ಕಡಿಮೆ ಹಣ ಕೇಳಿದರೂ ಅಲ್ಲಿಗೆ ಕಳಿಸಬೇಡಿ.

ಹಾಗಾದರೆ ತೆಕ್ಕಟ್ಟೆಯವರು ಎಲ್ಲಿಗೆ ಹೋಗಬೇಕು? ಬೆಂಗಳೂರಿಗೆ ಓಡಬೇಕಾಗಿಲ್ಲ. ಹೆದ್ದಾರಿಯಲ್ಲಿ ಉತ್ತರಕ್ಕೆ ಬಸ್ಸು ಹತ್ತಿದರೆ ಕುಂದಾಪುರದ ಸರಕಾರಿ ತಾಲೂಕು ಆಸ್ಪತ್ರೆ. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಡಿ ತಾಲೂಕು ಆಸ್ಪತ್ರೆಗಳಲ್ಲಿ ಮಂಗಳವಾರಗಳಂದು ಮನೋವೈದ್ಯರು ನೋಡುವ ಏರ್ಪಾಡಿದೆ. ಯಾವ ಮಂಗಳವಾರವೆಂದು ಮೊದಲೇ ವಿಚಾರಿಸಿ ಹೋಗಿ. ದಕ್ಷಿಣಕ್ಕೆ ಹೋದರೆ ಉಡುಪಿ ಅಜ್ಜರಕಾಡಿನ ಜಿಲ್ಲಾಸ್ಪತ್ರೆ, ದೊಡ್ಡಣಗುಡ್ಡೆಯ ಡಾ. ಎ.ವಿ. ಬಾಳಿಗಾ ಸ್ಮಾರಕ ಆಸ್ಪತ್ರೆ, ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗ. ಬಾಳಿಗಾ ಆಸ್ಪತ್ರೆ ಮಾನಸಿಕ ಕಾಯಿಲೆ ಮತ್ತು ವ್ಯಸನಕ್ಕೆಂದೇ ಇರುವಂಥದ್ದು. ಆರೋಗ್ಯ ವಿಮೆಯಿದ್ದವರು ಕೇಳಿ ನೋಡಿ, ದೇಹದ ಕಾಯಿಲೆಗೆ ಕೊಡುವಂತೆಯೇ ಮನಸ್ಸಿನ ಕಾಯಿಲೆಗೂ ವಿಮೆ ಕೊಡಬೇಕೆಂದು ಅದೇ ಕಾಯ್ದೆ ಹೇಳುತ್ತದೆ.

ಹೊರಗೆ ಹೋಗಲೇ ಹಿಂಜರಿಕೆಯಿದ್ದರೆ ಫೋನ್ ಇದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮನಸ್ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ ಯಾವಾಗಲೂ, ದುಡ್ಡಿಲ್ಲದೆ, ಕನ್ನಡದಲ್ಲೇ ಮಾತಾಡಬಹುದು. ಮಾದಕ ವ್ಯಸನಕ್ಕೆ ಕೇಂದ್ರ ಸರಕಾರದ ಇನ್ನೊಂದು ಸಂಖ್ಯೆ 14446.

ಪೊಲೀಸರ ಭಯದಿಂದ ಹಿಂದೆ ಸರಿಯುವವರಿಗೆ ಎರಡು ಮಾತು. 1985ರ ಮಾದಕ ವಸ್ತು ಕಾಯ್ದೆಯ 64ಎ ಕಲಮಿನಂತೆ, ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪ ಹೊತ್ತ ವ್ಯಸನಿ ತಾನಾಗಿ ಸರಕಾರಿ ಅಥವಾ ಮಾನ್ಯತೆಯಿರುವ ಕೇಂದ್ರದಲ್ಲಿ ಚಿಕಿತ್ಸೆಗೆ ಮುಂದಾದರೆ ಆ ಆರೋಪದ ಮೊಕದ್ದಮೆಯಿಂದ ರಕ್ಷಣೆಯಿದೆ. ಅರ್ಧಕ್ಕೆ ಬಿಟ್ಟರೆ ರಕ್ಷಣೆ ತಪ್ಪಬಹುದು. ಮಾರುವವನಿಗೆ ಈ ರಿಯಾಯಿತಿಯಿಲ್ಲ, ಇರಬೇಕಾಗಿಯೂ ಇಲ್ಲ. ಹಾಗೆಯೇ, ಜೀವ ಕಳೆದುಕೊಳ್ಳಲು ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ 2017ರ ಕಾಯ್ದೆ ಭಾವಿಸುತ್ತದೆ. ಕೇಸಾಗುತ್ತದೆಂದು ಹೆದರಿ ಅವರನ್ನು ಮನೆಯಲ್ಲೇ ಬಚ್ಚಿಡಬೇಡಿ.

ಚಿಕಿತ್ಸೆ ಮುಗಿಸಿ ಬಂದವನು ಮತ್ತೆ ಜಾರಬಹುದು. ಅಬ್ದುಲ್ಲಾರನ್ನೂ ಹಲವು ಸಲ ತರಲಾಗಿತ್ತಲ್ಲ. ಮತ್ತೆ ಕರೆದುಕೊಂಡು ಹೋಗಬೇಕು, ಅಷ್ಟೇ. ಹಾಗೆ ಬಂದವನು ಜುಮಾಕ್ಕೆ ಬಂದಾಗ ತಿರುಗಿ ನೋಡಬೇಡಿ, ಪಕ್ಕದವರೊಡನೆ ಪಿಸುಗುಟ್ಟಬೇಡಿ. ಸಫ್ಫಿನಲ್ಲಿ ಭುಜಕ್ಕೆ ಭುಜ ತಾಗಿಸಿ ನಿಲ್ಲಿಸಿಕೊಳ್ಳಿ. ಕೆಲಸವಿದ್ದರೆ ಕೊಡಿ. ಆಸ್ಪತ್ರೆಗೆ ಹೋಗಿಬರುವ ಖರ್ಚಿಗೆ ತಾಪತ್ರಯವಿದ್ದರೆ ಮಸೀದಿಯ ಖತೀಬರ ಕಿವಿಯಲ್ಲಿ ಹೇಳಿ, ಆ ಮಾತು ಅಲ್ಲೇ ಉಳಿಯಬೇಕು.

ಇಲ್ಲಿ ಕುಳಿತವರೆಲ್ಲ ಗಂಡಸರು. ಮಗನ ಕಣ್ಣು ಕೆಂಪಾಗಿರುವುದನ್ನು, ಸೊಸೆ ಊಟ ಬಿಟ್ಟಿರುವುದನ್ನು ಮೊದಲು ಕಾಣುವವರು ಮನೆಯಲ್ಲಿದ್ದಾರೆ. ಇಂದು ಊಟಕ್ಕೆ ಕೂತಾಗ 14416 ಎಂಬುದನ್ನು ಅವರ ಫೋನಿನಲ್ಲಿ ಬರೆದುಕೊಡಿ.