ಮನೆಪಾಠದ ದುಡ್ಡು ಯಾವ ಲೆಕ್ಕಕ್ಕೆ?
(ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು)



ಸುವರ್ಣ ಮಹೋತ್ಸವದಲ್ಲೂ ತೆರಿಗೆಯ ಮಾತೇ ಎಂದು ಕೆಲವರು ನಗಬಹುದು. ಹಾಸನದಲ್ಲಿ ಲೆಕ್ಕಪತ್ರದ ಕೆಲಸ ಮಾಡುವ ನನ್ನ ಬಳಿಗೆ ನಮ್ಮ ಶಾಲೆಯವರು ಪದೇ ಪದೇ ತರುವ ಪ್ರಶ್ನೆ ಇದು. ಬಿ.ಎಸ್ಸಿ., ಬಿ.ಇಡಿ. ಮುಗಿಸಿ, ನೇಮಕಾತಿಗೆ ಕಾಯುತ್ತಾ, ಸಂಜೆ ಹೊತ್ತು ಪಡಸಾಲೆಯಲ್ಲಿ ಹತ್ತು ಹದಿನೈದು ಮಕ್ಕಳಿಗೆ ಗಣಿತ ಹೇಳಿಕೊಡುವ ಹೆಣ್ಣುಮಕ್ಕಳು ನಮ್ಮ ಕಡೆ ಬಹಳ ಇದ್ದಾರೆ. ಬ್ಯಾಂಕಿಗೆ ಸಾಲ ಕೇಳಲು ಹೋದಾಗ ಅವರಿಗೆ ಉತ್ತರ ಬರುತ್ತದೆ: "ರಿಟರ್ನ್ ಎಲ್ಲಮ್ಮಾ? ನಿಮಗೆ ಆದಾಯವೇ ಇಲ್ಲವಲ್ಲ."

ಕಾನೂನು ಆದಾಯವನ್ನು ಐದು ಬಾಬ್ತು ಮಾಡಿದೆ: ಸಂಬಳ, ಮನೆ ಬಾಡಿಗೆಯಂಥದ್ದು, ವ್ಯಾಪಾರ ಅಥವಾ ವೃತ್ತಿ, ಬಂಡವಾಳ ಲಾಭ, ಇತರೆ ಮೂಲ. 1961ರ ಕಾಯ್ದೆಯ ಜಾಗಕ್ಕೆ 2026ರ ಏಪ್ರಿಲ್ 1ರಿಂದ 2025ರ ಕಾಯ್ದೆ ಬಂದರೂ ಈ ಐದು ಹಾಗೇ ಉಳಿದಿವೆ. ತಿಂಗಳು ತಿಂಗಳು ಫೀಸು ತೆಗೆದುಕೊಂಡು ಹೇಳುವ ಪಾಠ ಮೂರನೆಯದಕ್ಕೆ ಸೇರುತ್ತದೆ. ಕೋಚಿಂಗ್ ಸೆಂಟರಿನವರು ನೇಮಕ ಮಾಡಿಕೊಂಡು, ರಜೆ ಕೊಟ್ಟು, ತಿಂಗಳಿಗಿಷ್ಟು ಎಂದು ಕೊಟ್ಟರೆ ಅದು ಸಂಬಳ. ಎಂದೋ ಒಮ್ಮೆ ಉತ್ತರ ಪತ್ರಿಕೆ ನೋಡಿದ್ದಕ್ಕೆ ಬಂದ ಗೌರವಧನ ಇತರೆ ಮೂಲ.

ಎಡವಟ್ಟಾಗುವುದು ಇಲ್ಲೇ. 'ಸಹಜ್' ನಮೂನೆ ಸುಲಭವೆಂದು ವರ್ಷಪೂರ್ತಿ ನಡೆಯುವ ಟ್ಯೂಷನ್ನನ್ನೂ ಇತರೆ ಮೂಲದಲ್ಲಿ ಬರೆಯುತ್ತಾರೆ. ವೃತ್ತಿ ಆದಾಯವಿದ್ದವರಿಗೆ ಸಹಜ್ ಇಲ್ಲ. ವೃತ್ತಿಯೆಂದು ತೋರಿಸಿದರೆ ಕರಿಹಲಗೆ, ಜೆರಾಕ್ಸು, ಕೊಠಡಿ ಬಾಡಿಗೆ, ಕರೆಂಟು ಇವನ್ನು ಕಳೆಯಬಹುದು. ಲೆಕ್ಕ ಇಡದೆ ಬಂದ ಹಣದ ಅರ್ಧವನ್ನು ಆದಾಯವೆಂದು ಹೇಳುವ ಸೌಲಭ್ಯ ವಕೀಲರು, ವೈದ್ಯರು, ಇಂಜಿನಿಯರರಂಥವರಿಗೆ ಉಂಟು. ಆ ಪಟ್ಟಿಯಲ್ಲಿ ಮೇಷ್ಟ್ರು ಇಲ್ಲ. ಯಾಕೆ ಬಿಟ್ಟರೋ! ಸಣ್ಣ ವ್ಯಾಪಾರದವರ ಶೇ. 8, ಬ್ಯಾಂಕಿನ ಮೂಲಕ ಬಂದರೆ ಶೇ. 6ರ ಲೆಕ್ಕವನ್ನು ಕೆಲವರು ಟ್ಯೂಷನ್ನಿಗೂ ಹಚ್ಚುತ್ತಾರೆ. ಅದು ಸರಿಯೋ ಅಲ್ಲವೋ ಎಂದು ನಮ್ಮವರಲ್ಲೇ ವಾದವಿದೆ. ಸರಿಯೆಂದೇ ಇಟ್ಟುಕೊಳ್ಳಿ: ಎರಡು ಲಕ್ಷ ದುಡಿದು ಹದಿನಾರು ಸಾವಿರ ಆದಾಯ ಬರೆದವರಿಗೆ ಬ್ಯಾಂಕು ಎಷ್ಟು ಸಾಲ ಕೊಟ್ಟೀತು? ನಿಜವಾದ ಖರ್ಚು ಬರೆದಿಡಿ ಎಂದೇ ನಾನು ಹೇಳುವುದು.

ಫೀಸಿನ ಬದಲು ಒಂದು ಮೂಟೆ ಆಲೂಗಡ್ಡೆ, ಹತ್ತು ತೆಂಗಿನಕಾಯಿ ಕೊಡುವ ಪದ್ಧತಿ ನಮ್ಮಲ್ಲಿ ಇನ್ನೂ ಇದೆ. ಅದರ ಬೆಲೆಯೂ ಆದಾಯವೇ. ಆದರೆ ಬೆಳೆದವರ ಕೈಯಲ್ಲಿ ಆ ಆಲೂಗಡ್ಡೆ ಕೃಷಿ ಆದಾಯ, ತೆರಿಗೆಯಿಲ್ಲ. ಪಾಠ ಹೇಳಿದವರ ಕೈಗೆ ಬಂದಾಗ ಅದು ಫೀಸು. ಹಾಗಾಗಿ ಟ್ಯೂಷನ್ ದುಡ್ಡನ್ನು ಅಪ್ಪನ ಜಮೀನಿನ ಬೆಳೆಯಲ್ಲಿ ಸೇರಿಸುವುದು ತಪ್ಪು. ಸೇರಿಸಬೇಕಾದ ಗರಜೂ ಇಲ್ಲ. 2025-26ರಲ್ಲಿ ಹೊಸ ಪದ್ಧತಿಯಂತೆ ಇಂಥ ಆದಾಯ ಒಟ್ಟು 12 ಲಕ್ಷದವರೆಗೆ ಇದ್ದರೆ ತೆರಿಗೆ ಬೀಳುವುದಿಲ್ಲ. ತಿಂಗಳಿಗೆ ಹದಿನೈದು ಸಾವಿರ ಬಂದರೆ ವರ್ಷಕ್ಕೆ 1,80,000. ಮುಚ್ಚಿಡಲು ಅದರಲ್ಲೇನಿದೆ?

ಇಲ್ಲಿ ಕೂತಿರುವ ಶಿಕ್ಷಕ ಬಂಧುಗಳಿಗೆ ಒಂದು ಮಾತು. ಶಾಲಾ ಶಿಕ್ಷಕರು ಖಾಸಗಿ ಟ್ಯೂಷನ್ ಮಾಡಬಾರದೆಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ 28ನೇ ಕಲಂ ಹೇಳುತ್ತದೆ. ತೆರಿಗೆ ಕಟ್ಟಿದ ಮಾತ್ರಕ್ಕೆ ಅದು ಸಕ್ರಮವಾಗುವುದಿಲ್ಲ, ನಿಷೇಧ ಇದೆಯೆಂದು ತೆರಿಗೆಯೂ ತಪ್ಪುವುದಿಲ್ಲ.

ಒಂದು ನೋಟ್‌ಬುಕ್ಕಿನಲ್ಲಿ ಮಗುವಿನ ಹೆಸರು, ತಿಂಗಳು, ಕೊಟ್ಟ ಹಣ ಬರೆಯಿರಿ. ಆದಷ್ಟೂ ಫೀಸನ್ನು ಖಾತೆಗೇ ಹಾಕಿಸಿಕೊಳ್ಳಿ. ಊಟವಾದ ಮೇಲೆ ಹತ್ತನೇ ತರಗತಿ ಕೊಠಡಿಯಲ್ಲಿ ಕೂತಿರುತ್ತೇನೆ. ಪ್ಯಾನ್ ಕಾರ್ಡು, ಪಾಸ್‌ಬುಕ್ಕು ತಂದವರು ಬನ್ನಿ, ನೋಡೋಣ.