ಬೆನ್ನು ನೋವು, ಬೆನ್ನಿನ ವಾರೆ: ರೈತ ಕುಟುಂಬಗಳು ತಿಳಿಯತಕ್ಕ ಕೆಲವು ಮಾತು

(ನಾಟಿಗೆ ಮುಂಚೆ ಸೇರಿದ ರೈತರ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಇಂಥ ಸಭೆಗಳಲ್ಲಿ ನಾನು ಬೀಜ, ಗೊಬ್ಬರ, ಕೀಟಗಳ ವಿಷಯ ಹೇಳುವುದು ವಾಡಿಕೆ. ಇವತ್ತು ಬೆನ್ನಿನ ವಿಷಯ ಹೇಳಬೇಕೆಂದಿದ್ದೇನೆ. ಬೇಸಾಯ ಬಿಟ್ಟು ವೈದ್ಯಕ್ಕೆ ಹೊರಟನೇ ಎಂದು ತಾವು ನಗಬಹುದು. ಆದರೆ ವಿಶ್ವೇಶ್ವರಯ್ಯ ನಾಲೆಯ ಕೆಳಗೆ ಭತ್ತ, ಕಬ್ಬು ಬೆಳೆಯುವ ನಮ್ಮ ಮನೆಗಳಲ್ಲಿ ನೇಗಿಲು ಮುರಿದರೆ ಬಡಗಿ ಇದ್ದಾನೆ, ಪಂಪು ಕೆಟ್ಟರೆ ರಿಪೇರಿಯವನಿದ್ದಾನೆ. ನಾಟಿಯ ಹದದಲ್ಲಿ ಸೊಂಟ ಹಿಡಿದುಕೊಂಡರೆ ಬದಲಿ ಸೊಂಟ ಯಾವ ಸೊಸೈಟಿಯಲ್ಲೂ ಸಿಕ್ಕುವುದಿಲ್ಲ. ನಾನು ವೈದ್ಯನಲ್ಲ. ವೈದ್ಯರು ಹೇಳುವ ಮಾತನ್ನೇ ನಮ್ಮ ಹೊಲಮನೆಯ ಕೆಲಸಕ್ಕೆ ಹೊಂದಿಸಿ ಹೇಳುತ್ತೇನೆ, ಅಷ್ಟೆ. ಮೊದಲು ದುಡಿಯುವವರ ಬೆನ್ನು ನೋವಿನ ಮಾತು, ಆಮೇಲೆ ಬೆಳೆಯುವ ಮಕ್ಕಳ ಬೆನ್ನಿನ ವಾರೆಯ ಮಾತು.

ಬೆನ್ನೆಲುಬು ಒಂದೇ ಕೋಲಲ್ಲ. ಕುತ್ತಿಗೆಯಲ್ಲಿ 7, ಎದೆಯ ಹಿಂಭಾಗದಲ್ಲಿ 12, ಸೊಂಟದಲ್ಲಿ 5, ಹೀಗೆ 24 ಬಿಡಿ ಮೂಳೆಗಳು ಒಂದರ ಮೇಲೊಂದು ಕೂತಿವೆ. ನಡುನಡುವೆ ಮೆತ್ತನೆಯ ಬಿಲ್ಲೆಗಳಿವೆ. ಇವೆಲ್ಲವನ್ನೂ ಸುತ್ತಲಿನ ಮಾಂಸಖಂಡಗಳು ಹುಲ್ಲಿನ ಗಾಡಿಗೆ ಬಿಗಿದ ಹಗ್ಗದಂತೆ ಹಿಡಿದು ನಿಲ್ಲಿಸಿವೆ. ಹಗ್ಗ ಸಡಿಲವಾದರೆ ಗಾಡಿಯ ಹುಲ್ಲು ಹೇಗೆ ಜಗ್ಗುವುದೋ, ಮಾಂಸಖಂಡ ಸೊರಗಿದರೆ ಬೆನ್ನಿಗೂ ಹಾಗೆಯೇ ಕಷ್ಟ.

ಸೊಂಟನೋವು ನಮ್ಮೊಬ್ಬರ ಪಾಡಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2020ರಲ್ಲಿ ಲೋಕದಲ್ಲಿ ಸುಮಾರು 62 ಕೋಟಿ ಜನಕ್ಕೆ, ಎಂದರೆ 13 ಜನರಲ್ಲಿ ಒಬ್ಬರಿಗೆ, ಸೊಂಟನೋವು ಇತ್ತು. ಇದರಲ್ಲಿ ಒಂದು ಸಮಾಧಾನವೂ ಉಂಟು. ತಟ್ಟನೆ ಹಿಡಿದುಕೊಳ್ಳುವ ನೋವು ಹೆಚ್ಚಿನವರಲ್ಲಿ ಕೆಲವು ವಾರಗಳೊಳಗೆ ತಾನಾಗಿ ಇಳಿಯುತ್ತದೆ. ನೋವು ಬಹಳವಿದ್ದರೆ ಒಂದೆರಡು ದಿನ ಸುಧಾರಿಸಿಕೊಳ್ಳಿ. ಆದರೆ ಹದಿನೈದು ದಿನ ಚಾಪೆ ಹಿಡಿಯಬೇಡಿ. ಮಲಗಿದಷ್ಟೂ ಮಾಂಸಖಂಡ ಸೊರಗುತ್ತದೆ. ಮನೆಯ ಸುತ್ತ ನಡೆದಾಡಿ. ಬಿಸಿನೀರಿನ ಶಾಖವನ್ನೋ, ಬಟ್ಟೆಯಲ್ಲಿ ಕಟ್ಟಿದ ಬಿಸಿ ಉಪ್ಪಿನ ಶಾಖವನ್ನೋ ಚರ್ಮ ಸುಡದಂತೆ ಕೊಡಿ. ನೋವು ಇಳಿದಂತೆಲ್ಲ ಹಗುರ ಕೆಲಸದಿಂದ ಶುರುಮಾಡಿ.

ಅಂಗಡಿಯಿಂದ ತಂದ ನೋವಿನ ಮಾತ್ರೆಯನ್ನು ಕಡಲೆಬೀಜದಂತೆ ದಿನವೂ ನುಂಗುವವರು ನಮ್ಮಲ್ಲಿದ್ದಾರೆ. ಅವುಗಳಲ್ಲಿ ಹಲವು ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ, ಮೂತ್ರಪಿಂಡವನ್ನು ಕೆಡಿಸುತ್ತವೆ. ರಕ್ತದೊತ್ತಡ, ಸಕ್ಕರೆ ಕಾಯಿಲೆ ಇರುವವರಿಗೆ ಅಪಾಯ ಇನ್ನೂ ಹೆಚ್ಚು. ವೈದ್ಯರನ್ನು ಕೇಳದೆ ತೆಗೆದುಕೊಳ್ಳಬೇಡಿ. ಮೂರು ತಿಂಗಳಿಗೂ ಮೀರಿ ಉಳಿದ ಸೊಂಟನೋವಿನ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರಿನಲ್ಲಿ ಸಲಹೆಗಳನ್ನು ಪ್ರಕಟಿಸಿತು. ವ್ಯಾಯಾಮ ಮತ್ತು ತಿಳಿವಳಿಕೆಗೆ ಅದರಲ್ಲಿ ಮುಖ್ಯ ಸ್ಥಾನವಿದೆ. ಸೊಂಟಕ್ಕೆ ಪಟ್ಟಿ ಬಿಗಿಯುವುದು, ತೂಕ ಕಟ್ಟಿ ಎಳೆಯುವುದು ಇವನ್ನು ವಾಡಿಕೆಯಾಗಿ ಮಾಡುವುದು ಬೇಡವೆಂದು ಅದು ಹೇಳಿದೆ.

ಇನ್ನು ನಮ್ಮ ಕೆಲಸದ ರೀತಿಗೆ ಬರೋಣ.

ಮೊದಲನೆಯದು, ಎತ್ತುವುದು. ಏತವನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಭಾರವು ಏತದ ತುದಿಗೆ ಹೋದಷ್ಟೂ ಈಚೆ ಬದಿಯಲ್ಲಿ ಹೆಚ್ಚು ಬಲ ಬೇಕು. ನೀವು ಕೈ ಚಾಚಿ ಮೂಟೆ ಎತ್ತಿದಾಗ ಈಚೆ ಬದಿಯ ಬಲವನ್ನು ಸೊಂಟವೇ ಕೊಡಬೇಕು. ಆದುದರಿಂದ ಮೂಟೆಯ ಹತ್ತಿರ ನಿಂತು, ಮೊಣಕಾಲು ಮಡಿಸಿ ಕೂತು, ಅದನ್ನು ಎದೆಗೆ ಅವುಚಿಕೊಂಡು ಕಾಲಿನ ಬಲದಿಂದ ಏಳಿ. ಎತ್ತಿದ ಮೇಲೆ ಸೊಂಟ ತಿರುಚಬೇಡಿ, ಹೆಜ್ಜೆ ಇಟ್ಟು ಇಡೀ ಮೈಯನ್ನೇ ತಿರುಗಿಸಿ.

ಎರಡನೆಯದು, ಹೊರುವುದು. ಭತ್ತವನ್ನು 75 ಕಿಲೋ ಚೀಲಕ್ಕೆ ತುಂಬಿ ಒಬ್ಬನೇ ಹೊರುವುದನ್ನು ನಾವು ಗಂಡಸುತನವೆಂದು ಭಾವಿಸಿದ್ದೇವೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು 1967ರಲ್ಲಿಯೇ ವಯಸ್ಕ ಗಂಡಾಳು ಹೊರುವ ಭಾರ 55 ಕಿಲೋ ಮೀರಬಾರದೆಂದು ಸಲಹೆ ಮಾಡಿತು. ಹೆಂಗಸರಿಗೂ ಎಳೆಯರಿಗೂ ಅದಕ್ಕಿಂತ ಬಹಳ ಕಡಿಮೆ ಇರಬೇಕೆಂದಿತು. ಮನೆಗೆ ತರುವ ಭತ್ತವನ್ನಾದರೂ ಅರ್ಧರ್ಧ ಚೀಲ ಮಾಡಿ. ಕಬ್ಬಿನ ಕಟ್ಟನ್ನು ಲಾರಿಗೆ ಹೊರುವವರು ಎಂದೂ ಒಂದೇ ಹೆಗಲಿಗೆ ಹಾಕಿಕೊಳ್ಳದೆ ಹೆಗಲು ಬದಲಿಸಿ, ಕಟ್ಟನ್ನು ಚಿಕ್ಕದು ಮಾಡಿ. ಎರಡು ಸುತ್ತು ಹೆಚ್ಚಾದರೂ ಚಿಂತೆಯಿಲ್ಲ.

ಮೂರನೆಯದು, ಬಗ್ಗುವುದು. ನಾಟಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಬಗ್ಗಿಯೇ ಇರುವವರು ಹೆಂಗಸರು. ಅರ್ಧ ಗಂಟೆಗೊಮ್ಮೆ ನೆಟ್ಟಗೆ ನಿಂತು, ಸೊಂಟದ ಮೇಲೆ ಎರಡು ಕೈ ಇಟ್ಟು, ನಿಧಾನವಾಗಿ ನಾಲ್ಕೈದು ಸಲ ಹಿಂದಕ್ಕೆ ಬಾಗಿ. ಸಸಿ ಕೀಳುವುದು, ಕಟ್ಟು ಹೊರುವುದು, ನೆಡುವುದು ಇವನ್ನು ಆಳುಗಳು ಸರದಿಯ ಮೇಲೆ ಮಾಡಿಕೊಳ್ಳಲಿ. ಸಾಲು ನಾಟಿ ಮಾಡಿದರೆ ಕೋನೋವೀಡರ್ ತಳ್ಳಿಕೊಂಡು ನಿಂತೇ ಕಳೆ ತೆಗೆಯಬಹುದು. ಸಾಲು ನಾಟಿ ಇಳುವರಿಗೆ ಮಾತ್ರವಲ್ಲ, ಸೊಂಟಕ್ಕೂ ಒಳ್ಳೆಯದು. ಗುದ್ದಲಿಯ ಕಾವು ಗಿಡ್ಡವಾಗಿದ್ದರೆ ಉದ್ದನೆಯದು ಹಾಕಿಸಿ. ಗುಡಿಸುವ ಪೊರಕೆಗೂ ಉದ್ದ ಕೋಲು ಕಟ್ಟಿ.

ನಾಲ್ಕನೆಯದು, ಬೆನ್ನಿಗೆ ಹಾಕುವ ಸಿಂಪಡಿಸುವ ಪಂಪು. 16 ಲೀಟರ್ ತುಂಬಿದರೆ ನೀರಿನ ತೂಕವೇ 16 ಕಿಲೋ, ಪಂಪು ಸೇರಿ 20 ಕಿಲೋ ಹತ್ತಿರವಾಗುತ್ತದೆ. ಸೊಂಟನೋವು ಇರುವವರು 10 ಲೀಟರ್ ಮಾತ್ರ ತುಂಬಿ, ಔಷಧಿಯನ್ನೂ ಅದೇ ಪ್ರಮಾಣಕ್ಕೆ ಇಳಿಸಿ. ಪಂಪನ್ನು ನೆಲದಿಂದ ಎತ್ತಿ ಹೆಗಲಿಗೇರಿಸದೆ ಸೊಂಟದೆತ್ತರದ ಕಟ್ಟೆಯ ಮೇಲಿಟ್ಟು ಎರಡೂ ಪಟ್ಟಿಗೆ ತೋಳು ಹಾಕಿ.

ಐದನೆಯದು, ಮನೆಯೊಳಗಿನ ಮಾತು. ತುಂಬಿದ ಒಂದು ದೊಡ್ಡ ಕೊಡಕ್ಕಿಂತ ಎರಡು ಕೈಗೆ ಎರಡು ಚಿಕ್ಕ ಬಿಂದಿಗೆ ಮೇಲು. ಒಲೆಯನ್ನು ಕಟ್ಟೆಯ ಮೇಲಕ್ಕೆ ಏರಿಸಿ. ಹಾಲು ಕರೆಯುವಾಗ ಕುಕ್ಕರುಗಾಲಿನ ಬದಲು ಚಿಕ್ಕ ಮಣೆ ಅಥವಾ ಮೋಡಾ ಇರಲಿ. ಜೋಲು ಬಿದ್ದ ಹುರಿಮಂಚವನ್ನು ಬಿಗಿ ಮಾಡಿಸಿ. ಪಕ್ಕಕ್ಕೆ ಮಲಗುವವರು ಮೊಣಕಾಲುಗಳ ನಡುವೆ ಒಂದು ದಿಂಬಿಟ್ಟುಕೊಳ್ಳಿ. ಏಳುವಾಗ ಒಮ್ಮೆಲೇ ಎದ್ದು ಕೂರದೆ, ಪಕ್ಕಕ್ಕೆ ಹೊರಳಿ ಕೈಯೂರಿ ಏಳಿ. ಗದ್ದೆಯಲ್ಲಿ ನಾಟಿ ಮಾಡಿ ಬಂದ ಹೆಣ್ಣುಮಗಳೇ ನೀರನ್ನೂ ಸೌದೆಯನ್ನೂ ತರಬೇಕೆಂದರೆ ಅವಳ ಬೆನ್ನಿಗೆ ಬಿಡುವು ಯಾವಾಗ? ಯಜಮಾನರೇ, ನಾಟಿಯ ತಿಂಗಳಲ್ಲಾದರೂ ಗಂಡುಮಕ್ಕಳು ಬಿಂದಿಗೆ ಹಿಡಿಯಲಿ.

ಈಗ ಹೇಳುವುದನ್ನು ಚೆನ್ನಾಗಿ ನೆನಪಿಡಿ. ಸೊಂಟನೋವಿನ ಜೊತೆಗೆ ಮಲಮೂತ್ರದ ಹಿಡಿತ ತಪ್ಪಿದರೆ, ಮೂತ್ರ ಕಟ್ಟಿದರೆ, ತೊಡೆಯ ಸಂದು ಮರಗಟ್ಟಿದರೆ, ಕಾಲು ಸೋತರೆ ಅದೇ ದಿನ ದೊಡ್ಡ ಆಸ್ಪತ್ರೆಗೆ ಹೋಗತಕ್ಕದ್ದು. ಮರದಿಂದಲೋ ಗಾಡಿಯಿಂದಲೋ ಬಿದ್ದ ಮೇಲೆ ಬಂದ ನೋವಿಗೂ ತಡಮಾಡಬಾರದು. ಸಂಜೆ ಸಂಜೆಗೆ ಜ್ವರ, ಮೈ ಇಳಿಯುವುದು, ರಾತ್ರಿ ನಿದ್ದೆಗೆಡಿಸುವ ನೋವು, ಬೆನ್ನ ನಡುವೆ ಹಿಂದಕ್ಕೆ ಚಾಚಿದ ಗೂನು ಇದ್ದರೆ ಅದು ಬೆನ್ನೆಲುಬಿನ ಕ್ಷಯವಿರಬಹುದು. ಕ್ಷಯಕ್ಕೆ ಸರ್ಕಾರಿ ಆಸ್ಪತ್ರೆಯಲ್ಲಿ ಔಷಧಿ ಉಚಿತ. ತಿಂಗಳುಗಟ್ಟಲೆ ತಪ್ಪದೆ ನುಂಗಿದರೆ ವಾಸಿಯಾಗುತ್ತದೆ. ಅಂಥ ಬೆನ್ನನ್ನು ತಿಕ್ಕಿಸಿ, ಎಳೆಸಿದರೆ ಕೈಕಾಲು ಬೀಳುವ ಅಪಾಯವುಂಟು.

ಇನ್ನು ಮಕ್ಕಳ ಬೆನ್ನಿನ ವಾರೆ. ಬೆನ್ನೆಲುಬು ಹಿಂದಕ್ಕೆ ಗೂನಾಗದೆ ಎಡಕ್ಕೋ ಬಲಕ್ಕೋ ಬಾಗಿ, ಜೊತೆಗೆ ಸ್ವಲ್ಪ ತಿರುಚಿಕೊಳ್ಳುವುದಕ್ಕೆ ವೈದ್ಯರು ಸ್ಕೋಲಿಯೋಸಿಸ್ ಎನ್ನುತ್ತಾರೆ. ಎಕ್ಸ್‌ರೇಯಲ್ಲಿ ಅಳೆದು 10 ಡಿಗ್ರಿ ಅಥವಾ ಹೆಚ್ಚಿದ್ದರೆ ಆ ಹೆಸರು. ಹರೆಯದ ನೂರು ಮಕ್ಕಳಲ್ಲಿ ಎರಡು ಮೂರು ಮಕ್ಕಳಿಗೆ ಇದು ಇರುತ್ತದೆ. ಹೆಚ್ಚು ಬಾಗುವುದು ಹೆಣ್ಣುಮಕ್ಕಳಲ್ಲಿ. ಬಹುಪಾಲು ಮಕ್ಕಳಲ್ಲಿ ಇಂಥದೇ ಕಾರಣವೆಂದು ಹೇಳಲು ಬರುವುದಿಲ್ಲ. ಶಾಲೆಯ ಚೀಲದಿಂದ ಬಂದದ್ದಲ್ಲ, ಸೊಟ್ಟಗೆ ಕೂತದ್ದರಿಂದ ಬಂದದ್ದಲ್ಲ, ಗ್ರಹಣದಿಂದಲೂ ಅಲ್ಲ, ತಾಯಿಯ ತಪ್ಪಂತೂ ಅಲ್ಲವೇ ಅಲ್ಲ.

ನಮ್ಮ ಒಂದು ಹಳ್ಳಿಯ ಹದಿಮೂರು ವರ್ಷದ ಹುಡುಗಿಯ ತಲೆಯ ಮೇಲಿನ ಹುಲ್ಲಿನ ಹೊರೆ ಯಾವಾಗಲೂ ಒಂದೇ ಕಡೆ ವಾಲುತ್ತಿತ್ತು. "ನೆಟ್ಟಗೆ ನಿಲ್ಲೇ" ಎಂದು ಅಜ್ಜಿ ಬೈಯುತ್ತಿದ್ದರು. ರವಿಕೆಯ ಅಳತೆ ತೆಗೆದ ದರ್ಜಿ ಒಂದು ಹೆಗಲು ಮೇಲಿದೆ ಎಂದಾಗ ತಾಯಿ ನೋಡಿದರು. ಬೀಜೋಪಚಾರದ ವಿಷಯಕ್ಕೆಂದು ಅವರ ಮನೆಗೆ ಹೋದ ನನ್ನನ್ನು ಜಗಲಿಯ ಮರೆಗೆ ಕರೆದು, "ಅಣ್ಣಾ, ಆಸ್ಪತ್ರೆಗೆ ಕರ್ಕೊಂಡೋದ್ರೆ ಊರ್ಗೆಲ್ಲ ಗೊತ್ತಾಯ್ತದೆ. ನಾಳೆ ಕೊಡೋ ತರೋ ಮಾತು ಹೆಂಗೆ?" ಎಂದರು. ನಾನು, "ಅಕ್ಕಾ, ಮುಚ್ಚಿಟ್ಟರೆ ವಾರೆ ನಿಲ್ಲೋದಿಲ್ಲ. ಮಗು ಬೆಳೆದಂಗೆ ಅದೂ ಬೆಳೀಬೋದು. ಈಗ ತೋರಿಸಿದ್ರೆ ಕಮ್ಮಿಯಲ್ಲಿ ಮುಗಿದೀತು" ಎಂದೆ. ಎರಡು ವಾರದ ಮೇಲೆ ಅವರು ಹೋದರು. ವೈದ್ಯರು ಎಕ್ಸ್‌ರೇ ತೆಗೆಸಿ ಕವಚ ಕೊಡಿಸಿದ್ದಾರೆ. ಹುಡುಗಿ ಅದನ್ನು ಸಮವಸ್ತ್ರದ ಒಳಗೆ ತೊಟ್ಟು ಶಾಲೆಗೆ ಹೋಗುತ್ತಿದ್ದಾಳೆ. ಕಳೆದ ಸಲ ತೋರಿಸಿದಾಗ ವಾರೆ ಮುಂದುವರಿದಿರಲಿಲ್ಲ. ಇನ್ನೂ ಬೆಳೆಯುವ ವಯಸ್ಸು, ನೋಡುತ್ತಲೇ ಇರಬೇಕು.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆ ಇಲ್ಲಿ ಅಕ್ಷರಶಃ ಸತ್ಯ. ಕವಚವು ಎಳೆಗಿಡಕ್ಕೆ ಕಟ್ಟಿದ ಊರುಗೋಲಿನಂತೆ. ಬೆಳೆಯುವ ಮಕ್ಕಳಲ್ಲಿ ಸಾಮಾನ್ಯವಾಗಿ 25ರಿಂದ 40 ಡಿಗ್ರಿಯ ವಾರೆಗೆ ಅದನ್ನು ಕೊಡುತ್ತಾರೆ. ಹಿಂದೆ ಬೇಡವೆಂದೆನಲ್ಲ, ಆ ಸೊಂಟಪಟ್ಟಿ ಬೇರೆ, ಮಗುವಿನ ಅಳತೆಗೆ ಮಾಡುವ ಈ ಕವಚ ಬೇರೆ. ಗೊಬ್ಬರ ಹಾಕಿದ ತಾಕನ್ನೂ ಹಾಕದ ತಾಕನ್ನೂ ಹೋಲಿಸಿ ನೋಡುವಂತೆ ಅಮೆರಿಕ, ಕೆನಡಾಗಳಲ್ಲಿ ಇದನ್ನು ಪರೀಕ್ಷಿಸಿ 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ವಾರೆ 50 ಡಿಗ್ರಿಗೆ ಏರದೆ ಬೆಳವಣಿಗೆ ಮುಗಿಸಿದವರು ಕವಚ ತೊಟ್ಟವರಲ್ಲಿ 100ಕ್ಕೆ 72, ತೊಡದವರಲ್ಲಿ 48. ದಿನಕ್ಕೆ ಹೆಚ್ಚು ಗಂಟೆ ತೊಟ್ಟಷ್ಟೂ ಫಲ ಹೆಚ್ಚಾಗಿ ಕಂಡಿತು. ಚಿಕ್ಕ ವಾರೆಗೆ ಕವಚವೂ ಬೇಡ. ಕೆಲವು ತಿಂಗಳಿಗೊಮ್ಮೆ ತೋರಿಸುತ್ತಿದ್ದರೆ ಸಾಕು. 45, 50 ಡಿಗ್ರಿ ದಾಟಿದರೆ ಶಸ್ತ್ರಚಿಕಿತ್ಸೆಯ ವಿಚಾರ ಬರುತ್ತದೆ. ಎಣ್ಣೆ ತಿಕ್ಕುವುದರಿಂದ ಮಾಂಸಖಂಡಕ್ಕೆ ಹಾಯೆನಿಸಬಹುದು, ಮೂಳೆ ನೆಟ್ಟಗಾಗುವುದಿಲ್ಲ.

ನೋಡುವ ರೀತಿ ಸುಲಭ, ಖರ್ಚಿಲ್ಲ. ಹತ್ತರಿಂದ ಹದಿನೈದು ವರ್ಷದ ಮಕ್ಕಳನ್ನು ಬೆಳಕಿಗೆ ಬೆನ್ನು ಕಾಣುವಂತೆ ನಿಲ್ಲಿಸಿ. ಎರಡು ಹೆಗಲು, ಎರಡು ಹೆಗಲಮೂಳೆ, ಎರಡು ಸೊಂಟ ಸಮವೇ ನೋಡಿ. ಆಮೇಲೆ ಕಾಲು ಜೋಡಿಸಿ, ಮೊಣಕಾಲು ಮಡಿಸದೆ, ಅಂಗೈ ಜೋಡಿಸಿ ಮುಂದಕ್ಕೆ ಬಗ್ಗಿಸಿ. ಹಿಂದಿನಿಂದ ನೋಡಿದಾಗ ಬೆನ್ನಿನ ಒಂದು ಪಕ್ಕ ದಿಣ್ಣೆಯಂತೆ ಎದ್ದು ಕಂಡರೆ ಆಶಾ ಕಾರ್ಯಕರ್ತೆಗೆ ಹೇಳಿ, ಪ್ರಾಥಮಿಕ ಆರೋಗ್ಯ ಕೇಂದ್ರದ ಮೂಲಕ ಜಿಲ್ಲಾ ಆಸ್ಪತ್ರೆಯ ಮೂಳೆ ವೈದ್ಯರಿಗೆ ತೋರಿಸಿ. ಹೆಣ್ಣುಮಕ್ಕಳನ್ನು ತಾಯಿಯೇ ನೋಡಲಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಂತೆ ಸರ್ಕಾರಿ ಶಾಲೆಗೆ ವೈದ್ಯರ ತಂಡ ಬಂದಾಗ ಬೆನ್ನನ್ನೂ ನೋಡಿರೆಂದು ಕೇಳಿ.

ಬೆಳೆದ ಮೇಲೆ ವಾರೆ ಇರುವವರು ಕೆಲಸಕ್ಕೆ ಬಾರದವರಲ್ಲ. 2009ರಲ್ಲಿ ಬರ್ಲಿನ್ನಿನಲ್ಲಿ 100 ಮೀಟರನ್ನು 9.58 ಸೆಕೆಂಡಿನಲ್ಲಿ ಓಡಿದ ಜಮೈಕಾದ ಉಸೇನ್ ಬೋಲ್ಟ್ ಅವರಿಗೂ ಬೆನ್ನು ವಾರೆಯೇ. ಹೊಟ್ಟೆ, ಬೆನ್ನಿನ ಮಾಂಸಖಂಡ ಬಲಪಡಿಸುವ ವ್ಯಾಯಾಮವನ್ನು ಆಸ್ಪತ್ರೆಯಲ್ಲಿ ಕಲಿತು ದಿನವೂ ಮಾಡಲಿ. ಭಾರವನ್ನು ಎರಡು ಕಡೆಗೂ ಹಂಚಿ ಹಿಡಿಯಲಿ, ಒಂದೇ ಭಂಗಿಯಲ್ಲಿ ಬಹಳ ಹೊತ್ತು ಇರದಿರಲಿ. ಆಯಾಸವಾದಾಗ ಐದು ನಿಮಿಷ ನೆಲದ ಮೇಲೆ ಅಂಗಾತ ಮಲಗಿದರೆ ಸೋಮಾರಿತನವೆಂದು ಯಾರೂ ಆಡಬಾರದು. ಇಂಥ ಹೆಣ್ಣುಮಕ್ಕಳಲ್ಲಿ ಹೆಚ್ಚಿನವರು ಮದುವೆಯಾಗಿ ಮಕ್ಕಳನ್ನು ಹೆತ್ತು ಎಲ್ಲರಂತೆ ಬಾಳುತ್ತಾರೆ. ಬಸುರಿಯಾದಾಗ ಮೊದಲ ತಪಾಸಣೆಯಲ್ಲೇ ವೈದ್ಯರಿಗೆ ಬೆನ್ನಿನ ವಿಷಯ ತಿಳಿಸಿದರಾಯಿತು. ಸಂಬಂಧ ಕೇಳಿ ಬರುವವರು ಇದನ್ನು ತಿಳಿದುಕೊಂಡರೆ, ಹೆತ್ತವರು ಮುಚ್ಚಿಡುವ ಪ್ರಸಂಗವೇ ಬರುವುದಿಲ್ಲ.

ಮುಂದಿನ ವಾರ ನಾಟಿ ಶುರು. ಅದಕ್ಕೆ ಮುಂಚೆ ಗುದ್ದಲಿಯ ಕಾವು ನೋಡಿಕೊಳ್ಳಿ, ಕೋನೋವೀಡರನ್ನು ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ, ಭಾನುವಾರ ಬೆಳಿಗ್ಗೆ ಮಕ್ಕಳ ಬೆನ್ನನ್ನೊಮ್ಮೆ ನೋಡಿ. ಸಂದೇಹ ಕಂಡವರು ಸಂಕೋಚವಿಲ್ಲದೆ ನನಗೆ ಹೇಳಿ. ಆಸ್ಪತ್ರೆಗೆ ಯಾವ ದಿನ ಹೋಗಬೇಕು, ಯಾರನ್ನು ಕಾಣಬೇಕು ಎಂಬುದನ್ನು ವಿಚಾರಿಸಿಕೊಡುತ್ತೇನೆ. ಬಹಳ ಹೊತ್ತು ಕೂತಿದ್ದೀರಿ, ಎದ್ದು ನಾಲ್ಕು ಹೆಜ್ಜೆ ಓಡಾಡಿ.