ಕೊಡುವವರ ಮೊಳ

ಎರಡನೆಯ ಮಹಾಯುದ್ಧದ ತರುವಾಯ ಇಂಗ್ಲೆಂಡಿನ ಕೌನ್ಸಿಲ್‌ಗಳು ಕಟ್ಟಿಸಿದ ಬಾಡಿಗೆ ಮನೆಗಳಿಗೆ ಎಳವೆಯಲ್ಲಿ ಹೋಗಿ ನೆಲಸಿದವರ ನೆನಪುಗಳನ್ನು ಈ ವಾರ ಓದಿದೆ. ಮನಸ್ಸು ಇನ್ನೂ ಅದನ್ನೇ ಮೆಲುಕುಹಾಕುತ್ತಿದೆ. ಬಾಂಬುಗಳಿಗೆ ಬೀದಿಬೀದಿಗಳೇ ನೆಲಸಮವಾಗಿದ್ದ ಲಂಡನ್ನಿನ ಪೂರ್ವಭಾಗದಲ್ಲಿ, ಒಂದೆರಡು ಕೋಣೆಗಳೊಳಗೆ ಸಂಸಾರವನ್ನು ಅಡಕಿ, ಶೌಚಗೃಹವನ್ನು ನೆರೆಯವರೊಡನೆ ಹಂಚಿಕೊಂಡು, ಗೋಡೆಯ ಮೊಳೆಗೆ ನೇತುಹಾಕಿದ ತಗಡಿನ ತೊಟ್ಟಿಯನ್ನು ವಾರಕ್ಕೊಮ್ಮೆ ಇಳಿಸಿ, ಬೆಂಕಿಯ ಮುಂದಿಟ್ಟು, ಒಬ್ಬರು ಮಿಂದ ನೀರಿನಲ್ಲಿಯೇ ಮತ್ತೊಬ್ಬರು ಮೀಯುತ್ತಿದ್ದ ಆ ಜನ, ಎಸೆಕ್ಸಿನ ಹ್ಯಾರಲ್ಡ್ ಹಿಲ್, ಡೆಬ್ಡನ್ ಮೊದಲಾದ ಹೊಸ ಬಡಾವಣೆಗಳಿಗೆ ಬಂದಿಳಿದಾಗ ರಸ್ತೆಗಳು ಬರಿಯ ಕೆಸರು, ಗೋಡೆಯ ಗಾರೆ ಇನ್ನೂ ಹಸಿ. ಮಕ್ಕಳಿಗೆ ಅದಾವುದೂ ಕಾಣಲಿಲ್ಲ. ಮಹಡಿಯ ಮೆಟ್ಟಿಲನ್ನು ಹತ್ತಿಳಿಯುವುದೂ, ಸ್ನಾನದ ಮನೆಯ ನಲ್ಲಿಯನ್ನು ತಿರುಗಿಸಿ ನೀರು ಸುರಿಯುವುದನ್ನು ನೋಡುವುದೂ ಅವರಿಗೆ ಹಬ್ಬವಾಯಿತು.

1945ರಲ್ಲಿ ಬ್ರಿಟನ್ನಿನ ಆರೋಗ್ಯಮಂತ್ರಿಯಾಗಿ ಇಂಥ ಮನೆಗಳನ್ನು ಕಟ್ಟಿಸುವ ಹೊಣೆಯನ್ನೂ ಹೊತ್ತ ಅನ್ಯೂರಿನ್ ಬೆವನ್ನರು ವೇಲ್ಸಿನ ಗಣಿಕಾರ್ಮಿಕನ ಮಗ. 13ನೆಯ ವಯಸ್ಸಿಗೇ ತಾವೂ ಗಣಿಗಿಳಿದವರು. ಇಟ್ಟಿಗೆ ಮರಗಳಿಗೆ ಅಭಾವ, ಬೊಕ್ಕಸದಲ್ಲಿ ದಾರಿದ್ರ್ಯ, ಬಾಗಿಲಲ್ಲಿ ಮನೆಯಿಲ್ಲದವರ ಸಾಲು. ಮನೆಯ ಅಳತೆಯನ್ನು ಕುಗ್ಗಿಸಿದರೆ ಇನ್ನಷ್ಟು ಜನಕ್ಕೆ ಸೂರು ಸಿಕ್ಕೀತೆಂಬ ಮಾತು ಸುಳ್ಳೂ ಆಗಿರಲಿಲ್ಲ. ಮುಂದೆ ಬಂದ ಸರ್ಕಾರ ಹಾಗೆಯೇ ಕುಗ್ಗಿಸಿ, 1953ರಲ್ಲಿ ಒಂದೇ ವರ್ಷಕ್ಕೆ 3 ಲಕ್ಷಕ್ಕೂ ಮಿಕ್ಕ ಮನೆಗಳ ಲೆಕ್ಕ ತೋರಿಸಿತು. ಆದರೆ ಬೆವನ್ನರು, 3 ಮಲಗುವ ಕೋಣೆಗಳ ಮನೆ 900 ಚದರಡಿಗೆ ಕಡಮೆಯಾಗಕೂಡದು, ಕೆಳಗೊಂದು ಮಹಡಿಗೊಂದು ಶೌಚಗೃಹವಿರಬೇಕು ಎಂದು ಪಟ್ಟುಹಿಡಿದರು.

ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ ಎಂದು ನಮ್ಮಲ್ಲೊಂದು ಗಾದೆಯುಂಟು. ಪಡೆದವನ ಕೃತಘ್ನತೆಯನ್ನು ಹಳಿಯುವ ಮಾತದು. ನನಗಾದರೋ ಈಚೆಗೆ ಹಿತ್ತಲಿಗೆ ಹೋದ ಆ ಬಡವನ ಮೇಲೆ ಸಿಟ್ಟು ಬರುವುದಿಲ್ಲ. ಉಟ್ಟರೆ ಮೈ ಮುಚ್ಚೀತೇ ಎಂದು ನೋಡಬೇಕಾದವನು ಅವನೇ ತಾನೆ? ಕೊಟ್ಟವನು ತಾನೇ ಮೊದಲು ಮೊಳ ಹಾಕಿದ್ದರೆ ಇವನಿಗೆ ಮರೆಯಲ್ಲಿ ನಿಂತು ಅಳೆಯುವ ದೈನ್ಯ ಬರುತ್ತಿರಲಿಲ್ಲ. ಇಂಗ್ಲೆಂಡಿನ ಆ ಮನೆಗಳಂತೂ ಧರ್ಮದ ದಟ್ಟಿಯೂ ಅಲ್ಲ. ವಾರವಾರವೂ ಬಾಡಿಗೆ ತೆತ್ತು ಜನ ಮಾನದಿಂದ ಬಾಳಿದ ಮನೆಗಳು.

ಅಲ್ಲಿಯೂ ಒಂದು ಅಳತೆ ತಪ್ಪಿತು. ಲಂಡನ್ನಿನ ಪೂರ್ವಭಾಗದ ಬೆಥ್ನಲ್ ಗ್ರೀನಿನಿಂದ ಹೊಸ ಬಡಾವಣೆಗೆ ಹೋದವರ ಬಾಳನ್ನು ಅಭ್ಯಾಸಮಾಡಿ ಮೈಕೇಲ್ ಯಂಗ್ ಮತ್ತು ಪೀಟರ್ ವಿಲ್‌ಮಟ್ 1957ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ದಿನಕ್ಕೊಮ್ಮೆಯಾದರೂ ತಾಯಿಯ ಮನೆಯ ಹೊಸ್ತಿಲು ತುಳಿಯುತ್ತಿದ್ದ ಹೆಣ್ಣುಮಕ್ಕಳು ಹೊಸ ಮನೆಯ ಸೊಗಸಿನ ನಡುವೆ ಒಂಟಿಯಾದ ವೃತ್ತಾಂತವಿದೆ. ಗೋಡೆಗಳನ್ನು ಅಳೆದವರು ತವರಿನ ದೂರವನ್ನು ಅಳೆಯಲಿಲ್ಲ.

ಕೊಡುವ ಯೋಗ ಎಲ್ಲರಿಗೂ ಒಂದಲ್ಲ ಒಂದು ದಿನ ಬರುತ್ತದೆ. ಸರ್ಕಾರ ಬಡವರಿಗೆ ಮನೆ ಕಟ್ಟಿಸುವಾಗ ಆಗಲಿ, ನಾವು ಮನೆಗೆಲಸದಾಕೆಗೆ ಎಲೆ ಹಾಕುವಾಗ ಆಗಲಿ, ಇದು ನನಗೇ ಆಗಿದ್ದರೆ ಸಾಕೆನಿಸುತ್ತಿತ್ತೇ ಎಂದು ಒಮ್ಮೆ ನೋಡಿಕೊಳ್ಳೋಣ. ನಿಮಗೇನು ಬೇಕೆಂದು ಅವರನ್ನೇ ಕೇಳೋಣ. ಸಾಕೆನಿಸದಿದ್ದರೆ, ಕೊಡುವುದಕ್ಕೆ ಮುಂಚೆಯೇ ಇನ್ನಷ್ಟು ಸೇರಿಸೋಣ.